ಉಪಾಧ್ಯಾಯರಾಗಿ ನಿಘಂಟುಕಾರರು: ಜಿ. ವೆಂಕಟಸುಬ್ಬಯ್ಯನವರ ಕೋಶಕಾರ್ಯ

ಕೋಶವು ಪಂಡಿತನ ಏಕಾಂತದಲ್ಲಿ ಹುಟ್ಟುವುದೆಂಬ ಭಾವನೆ ಲೋಕದಲ್ಲಿ ರೂಢವಾಗಿದೆ. ಫ್ರಾನ್ಸಿನ ಅನತೊಲ್ ಬಯ್ಯಿ (1833–1911) ಇದಕ್ಕೆ ಅಪವಾದ. ಓರ್ಲೆಯಾನ್ ನಗರದಲ್ಲಿ ಗ್ರೀಕ್ ಪಾಠ ಹೇಳಿದ ಈ ಪಂಡಿತನ ಗ್ರೀಕ್–ಫ್ರೆಂಚ್ ನಿಘಂಟು 1895ರಲ್ಲಿ ಹೊರಬಂದು, ತಲೆಮಾರುಗಳ ವಿದ್ಯಾರ್ಥಿಗಳ ಕೈಹೊತ್ತಗೆಯಾಯಿತು. ಅದಕ್ಕೆ ಒಂದು ವರ್ಷ ಮೊದಲು ಮಂಗಳೂರಿನಲ್ಲಿ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿತ್ತು. ಆದರೆ ಉಪಾಧ್ಯಾಯವೃತ್ತಿಯೂ ಕೋಶರಚನೆಯೂ ಒಬ್ಬರಲ್ಲೇ ಬೆರೆತದ್ದನ್ನು ಕನ್ನಡದಲ್ಲಿ ಅರಸುವವರಿಗೆ ಜಿ. ವೆಂಕಟಸುಬ್ಬಯ್ಯನವರೇ (1913–2021) ಸರಿಯಾದ ನಿದರ್ಶನ.

ಗಂಜಾಂ ತಿಮ್ಮಣ್ಣಯ್ಯನವರ ಪುತ್ರರಾದ ಇವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಬೆಂಗಳೂರಿನ ವಿಜಯ ಕಾಲೇಜಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದರು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿಗೆ ಪ್ರಧಾನ ಸಂಪಾದಕರಾಗಿ ದುಡಿದುದು ಸರ್ವವಿದಿತ. ಅದು ಅನೇಕ ಕೈಗಳು ಸೇರಿ ಮಾಡಿದ ಕಾರ್ಯವಾದುದರಿಂದ, ಅವರ ಸ್ವಂತ ದೃಷ್ಟಿಯನ್ನು ಅಳೆಯಲು ಬೇರೆ ಕೃತಿಗಳೇ ಮೇಲು. ಮುದ್ದಣ ಪದಪ್ರಯೋಗಕೋಶವನ್ನು ನೋಡಬಹುದು. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ನಿಂತು ಹಳಗನ್ನಡದ ನುಡಿಗಟ್ಟಿನಲ್ಲಿ ಬರೆದ ಕವಿಯ ಶಬ್ದ, ಆ ಕವಿಯಲ್ಲಿ ಏನಾಯಿತೆಂಬುದೇ ಅಲ್ಲಿನ ಪ್ರಶ್ನೆ. ತರಗತಿಯಲ್ಲಿ ವಿದ್ಯಾರ್ಥಿ ಕೇಳುವುದೂ ಇದನ್ನೇ: ಈ ಮಾತಿಗೆ ಇಲ್ಲಿ ಏನರ್ಥ?

ವಿವಾದಕ್ಕೆ ಎಡೆಯಿರುವುದು ‘ಇಗೋ ಕನ್ನಡ’ದಲ್ಲಿ. 1991ರಲ್ಲಿ ಪ್ರಜಾವಾಣಿಯಲ್ಲಿ ಮೊದಲಾದ ಈ ಅಂಕಣದಲ್ಲಿ ಅವರು ವಾಚಕರ ಶಬ್ದಸಂದೇಹಗಳಿಗೆ ಉತ್ತರವಿತ್ತರು. ಚಾರಿತ್ರಿಕ ನಿಘಂಟುಕಾರನು ಸಾಕ್ಷಿ. ಶಬ್ದ ಎಲ್ಲಿ, ಯಾವ ಅರ್ಥದಲ್ಲಿ ಬಂದಿದೆಯೆಂದು ಹೇಳಿ ಆತನು ಸುಮ್ಮನಿರಬೇಕು. ಪತ್ರಿಕೆಯ ವಾಚಕನಿಗೆ ಬೇಕಾದುದಾದರೋ ತೀರ್ಪು: ಇದು ಸಾಧುವೋ, ಅಸಾಧುವೋ? ಉಪಾಧ್ಯಾಯನು ತೀರ್ಪು ಕೊಡದಿದ್ದರೆ ಪಾಠ ಸಾಗದು. ಈ ಎರಡು ಧರ್ಮಗಳ ತಿಕ್ಕಾಟ ಅಂಕಣದಲ್ಲಿ ಪರಿಹಾರವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಆದರೆ ಅಲ್ಲಿನ ಉತ್ತರಗಳನ್ನು ನಿಘಂಟಿನ ಪ್ರಮಾಣದಂತೆ ಉದಾಹರಿಸುವವರು ಈ ಭೇದವನ್ನು ಮರೆಯುತ್ತಾರೆ.

ಎರವಲು ಪದಕೋಶದ ಹೆಸರೂ ಇದೇ ಬಗೆಯ ತೊಡಕಿನದು. ಎರವು ಎಂದರೆ ಹಿಂದಿರುಗಿಸಬೇಕಾದುದು. ಕಚೇರಿ, ರಸೀದಿ ಮೊದಲಾದುವನ್ನು ಕನ್ನಡವು ಯಾರಿಗೂ ಹಿಂದಿರುಗಿಸುವಂತಿಲ್ಲ. ಹಳ್ಳಿಯ ವ್ಯವಹಾರದಲ್ಲೂ ಅವು ನಾಡಮಾತುಗಳೇ. ಮೂಲವನ್ನು ಗುರುತಿಸುವುದು ಪಾಂಡಿತ್ಯ. ಮೂಲವನ್ನೇ ಹಣೆಪಟ್ಟಿಯಾಗಿ ಅಂಟಿಸುವುದು ಬೇರೆ. ಆದರೂ ಇಂತಹ ಮಾತುಗಳಿಗೆ ಪ್ರತ್ಯೇಕ ಕೋಶವೇ ಬೇಕೆಂದು ಕಂಡವರು, ಪದ್ಯದ ಶಬ್ದಗಳೊಂದಿಗೆ ಪೇಟೆಯ ಶಬ್ದಗಳನ್ನೂ ಸಮನಾಗಿ ಎಣಿಸಿದವರು, ಇವರೇ.