ಹೆಬ್ಬೆಟ್ಟು ಮತ್ತು ‘ಐ ಅಗ್ರೀ’: ಕೆಲವು ಸಂಶೋಧನೆಗಳ ಬಗ್ಗೆ ಒಬ್ಬ ವೈದ್ಯನ ವಿಮರ್ಶೆ

ಎಲ್ ಸೆಗುಂಡೋ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಎರಡನೆಯದು’. 1911ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಕ್ಯಾಲಿಫೋರ್ನಿಯಾದ ತನ್ನ ಎರಡನೇ ತೈಲ ಸಂಸ್ಕರಣಾಗಾರವನ್ನು ಇಲ್ಲಿ ಕಟ್ಟಿದ್ದರಿಂದ ಬಂದ ಹೆಸರು. ನಿವೃತ್ತನಾದ ಮೇಲೆ ನಾನು ಇದೇ ಊರಿನಲ್ಲಿದ್ದೇನೆ. ಇಲ್ಲಿಂದ ಕರಾವಳಿ ಹಿಡಿದು ಉತ್ತರಕ್ಕೆ ಹೋದರೆ ಮಾಲಿಬು ಸಿಗುತ್ತದೆ. ಅಲ್ಲಿನ ಹ್ಯೂಸ್ ಸಂಶೋಧನಾಲಯದಲ್ಲಿ ಥಿಯೊಡೋರ್ ಮೈಮನ್ ಅವರು 1960ರ ಮೇ 16ರಂದು ಜಗತ್ತಿನ ಮೊದಲ ಲೇಸರ್ ಬೆಳಗಿಸಿದರು. ಸ್ವಲ್ಪ ಒಳಗೆ ತಿರುಗಿದರೆ ಯುಸಿಎಲ್‌ಎ. 1969ರ ಅಕ್ಟೋಬರ್ 29ರ ರಾತ್ರಿ ಅಲ್ಲಿನ ಕಂಪ್ಯೂಟರಿನಿಂದ ಉತ್ತರ ಕ್ಯಾಲಿಫೋರ್ನಿಯಾದ ಇನ್ನೊಂದು ಕಂಪ್ಯೂಟರಿಗೆ ‘ಲಾಗಿನ್’ ಎಂಬ ಪದ ಕಳಿಸಲು ಹೊರಟರು. ಎರಡು ಅಕ್ಷರ ಹೋಗುವಷ್ಟರಲ್ಲಿ ಆ ಕಡೆಯ ಯಂತ್ರ ಕುಸಿಯಿತು. ಆದರೂ ಇಂಟರ್ನೆಟ್ಟಿನ ಬೀಜ ಬಿದ್ದದ್ದು ಅಂದೇ. ದಕ್ಷಿಣಕ್ಕೆ ಎರಡು ಗಂಟೆ ಕಾರು ಓಡಿಸಿದರೆ ಸ್ಯಾನ್ ಡಿಯಾಗೋ. ಅಲ್ಲಿನ ಯುಸಿಎಸ್‌ಡಿಯ ಸಂಶೋಧಕರು ಫೇಸ್‌ಬುಕ್ ಜೊತೆ ಸೇರಿ 6.1 ಕೋಟಿ ಜನರ ಮೇಲೆ ಮಾಡಿದ ಪ್ರಯೋಗ 2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹೀಗೆ ಲೇಸರ್, ಕಂಪ್ಯೂಟರ್, ಆನ್‌ಲೈನ್ ನಡವಳಿಕೆ ಮೂರೂ ನಮ್ಮ ಆಸುಪಾಸಿನ ಕಥೆಗಳೇ. ನಾನು ಎಂಜಿನಿಯರ್ ಅಲ್ಲ. ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ, ಇಲ್ಲಿಗೆ ಬಂದು ಮೂರು ದಶಕ ರೋಗಿಗಳನ್ನು ನೋಡಿದವನು. ಆದ್ದರಿಂದ ಈ ಸಂಶೋಧನೆಗಳ ಗಣಿತಕ್ಕೆ ಕೈ ಹಾಕುವುದಿಲ್ಲ. ಯಾವ ಪ್ರಬಂಧ ಓದಿದರೂ ವೈದ್ಯನಿಗೆ ಮೊದಲು ಬರುವ ಪ್ರಶ್ನೆ ಒಂದಿದೆ: ಇದರಲ್ಲಿ ಭಾಗಿಯಾದವರನ್ನು ಒಂದು ಮಾತು ಕೇಳಿದರೇ? ಆ ಪ್ರಶ್ನೆಯೊಂದನ್ನೇ ಹಿಡಿದು ಈ ವಿಮರ್ಶೆ.

ಮೈಮನ್ ಅವರ ಪ್ರಬಂಧವನ್ನು ಮೊದಲು ಒಂದು ಹೆಸರಾಂತ ಪತ್ರಿಕೆ ತಿರಸ್ಕರಿಸಿತು. ಆಮೇಲೆ 1960ರ ಆಗಸ್ಟ್‌ನಲ್ಲಿ ‘ನೇಚರ್’ನಲ್ಲಿ ಬಂದದ್ದು ಒಂದು ಸಣ್ಣ ಟಿಪ್ಪಣಿ ಮಾತ್ರ. ಅದರಲ್ಲಿ ಮನುಷ್ಯರಿಲ್ಲ, ಮಾಣಿಕ್ಯದ ತುಂಡು, ಫ್ಲಾಷ್ ದೀಪ, ಅಳತೆಗಳು ಅಷ್ಟೆ. ಪತ್ರಿಕೆಯವರು ಅದನ್ನು ‘ಸಾವಿನ ಕಿರಣ’ ಎಂದು ಬಣ್ಣಿಸಿ ಹೆದರಿಸಿದರು. ಆದರೆ 1961ರ ಡಿಸೆಂಬರ್‌ನಲ್ಲೇ ನ್ಯೂಯಾರ್ಕಿನಲ್ಲಿ ಮಾಣಿಕ್ಯದ ಲೇಸರ್ ಬಳಸಿ ರೋಗಿಯೊಬ್ಬರ ರೆಟಿನಾದಲ್ಲಿದ್ದ ಗೆಡ್ಡೆಯನ್ನು ಸುಟ್ಟರು. ಬೆಳಕು ಕಣ್ಣೊಳಗೆ ಹೊಕ್ಕ ಕ್ಷಣದಿಂದ ಪ್ರಶ್ನೆ ಬದಲಾಯಿತು. ಇದು ಕೆಲಸ ಮಾಡುತ್ತದೆಯೇ ಎಂದು ಕೇಳಿದರೆ ಸಾಲದು. ಕಣ್ಣು ಯಾರದ್ದೋ ಅವರು ಒಪ್ಪಿದ್ದಾರೆಯೇ ಎಂದೂ ಕೇಳಬೇಕಾಯಿತು.

ಇದಕ್ಕೆ ಒಳ್ಳೆಯ ಉದಾಹರಣೆ 1970ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಡಯಾಬಿಟಿಕ್ ರೆಟಿನೋಪತಿ ಅಧ್ಯಯನ. ಸಕ್ಕರೆ ಕಾಯಿಲೆ ಇಲ್ಲದ ಕನ್ನಡ ಕುಟುಂಬ ಅಪರೂಪ, ಹಾಗಾಗಿ ಇದು ನಮಗೆಲ್ಲ ಸಂಬಂಧಿಸಿದ್ದು. ಅದರಲ್ಲಿ 1,700ಕ್ಕೂ ಹೆಚ್ಚು ರೋಗಿಗಳಿದ್ದರು. ಪ್ರತಿಯೊಬ್ಬರ ಒಂದು ಕಣ್ಣಿಗೆ ಲೇಸರ್ ಅಥವಾ ಜೆನಾನ್ ದೀಪದ ಬೆಳಕಿನ ಚಿಕಿತ್ಸೆ, ಇನ್ನೊಂದು ಕಣ್ಣಿಗೆ ಇಲ್ಲ. ಯಾವ ಕಣ್ಣಿಗೆ ಎಂಬುದು ಚೀಟಿ ಎತ್ತಿದ ಹಾಗೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ರೋಗಿಗಳಿಗೆ ತಾವು ಪ್ರಯೋಗದಲ್ಲಿದ್ದೇವೆ ಎಂಬುದು ಗೊತ್ತಿತ್ತು. ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ತೀವ್ರ ದೃಷ್ಟಿನಾಶ ಅರ್ಧಕ್ಕಿಂತಲೂ ಕಡಿಮೆಯಾಗಿದೆ ಎಂದು 1976ರಲ್ಲಿ ಸ್ಪಷ್ಟವಾದ ಕೂಡಲೇ, ಅಪಾಯದಲ್ಲಿದ್ದ ಇನ್ನೊಂದು ಕಣ್ಣಿಗೂ ಚಿಕಿತ್ಸೆ ಕೊಡಬಹುದೆಂದು ನಿಯಮ ಬದಲಾಯಿಸಿದರು. ಲೆಕ್ಕಾಚಾರ ಇನ್ನಷ್ಟು ಗಟ್ಟಿಯಾಗಲಿ ಎಂದು ಆ ಕಣ್ಣುಗಳನ್ನು ಕುರುಡಾಗಲು ಬಿಡಲಿಲ್ಲ. ನನ್ನ ಮಟ್ಟಿಗೆ ಈ ಅಧ್ಯಯನದ ದೊಡ್ಡ ಫಲಿತಾಂಶ ಇದೇ.

ಇನ್ನು ಸ್ಯಾನ್ ಡಿಯಾಗೋದ ಪ್ರಬಂಧಕ್ಕೆ ಬರುತ್ತೇನೆ. 2010ರ ನವೆಂಬರ್ 2ರ ಚುನಾವಣೆಯ ದಿನ ಕೋಟ್ಯಂತರ ಬಳಕೆದಾರರ ಪುಟದ ಮೇಲ್ಗಡೆ, ಮತ ಹಾಕಿದ ಅವರ ಸ್ನೇಹಿತರ ಮುಖಗಳ ಸಮೇತ ಒಂದು ಸಂದೇಶ ಬಂತು. ಸುಮಾರು 6 ಲಕ್ಷ ಜನಕ್ಕೆ ಮುಖಗಳಿಲ್ಲದ ಸಂದೇಶ, ಇನ್ನೂ ಅಷ್ಟೇ ಜನಕ್ಕೆ ಏನೂ ಇಲ್ಲ. ಇದರಿಂದ ಒಟ್ಟು 3.4 ಲಕ್ಷ ಹೆಚ್ಚುವರಿ ಮತಗಳು ಬಿದ್ದವೆಂದು ಲೇಖಕರ ಅಂದಾಜು. ಪ್ರಬಂಧ ಅಚ್ಚುಕಟ್ಟಾಗಿದೆ, ಉದ್ದೇಶ ಒಳ್ಳೆಯದು, ವಿಶ್ವವಿದ್ಯಾಲಯದ ಪರಿಶೀಲನೆಯೂ ಆಗಿತ್ತು. ಆದರೆ ಆ ಜನಕ್ಕೆ ತಾವು ಪ್ರಯೋಗದಲ್ಲಿದ್ದೇವೆ ಎಂಬುದೇ ತಿಳಿದಿರಲಿಲ್ಲ.

ಎರಡು ವರ್ಷದ ಬಳಿಕ, 2014ರ ಜೂನ್‌ನಲ್ಲಿ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಪ್ರಬಂಧ ಇದಕ್ಕಿಂತ ತೊಡಕಿನದು. 2012ರ ಜನವರಿಯಲ್ಲಿ ಒಂದು ವಾರ 6,89,003 ಫೇಸ್‌ಬುಕ್ ಬಳಕೆದಾರರ ಪೈಕಿ ಕೆಲವರಿಗೆ ಸ್ನೇಹಿತರ ಸಂತೋಷದ ಮಾತುಗಳನ್ನು, ಕೆಲವರಿಗೆ ಬೇಸರದ ಮಾತುಗಳನ್ನು ಕಡಿಮೆ ಮಾಡಿ ತೋರಿಸಿದರು. ಆಮೇಲೆ ಅವರು ಬರೆದ ಪದಗಳನ್ನು ಕಂಪ್ಯೂಟರಿನಿಂದ ಎಣಿಸಿದರು. ಮನಸ್ಥಿತಿ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ ಎಂಬುದು ತೀರ್ಮಾನ. ಪರಿಣಾಮ ಮಾತ್ರ ತೀರಾ ಅತ್ಯಲ್ಪ. ಒಪ್ಪಿಗೆಯ ಮಾತು ಬಂದಾಗ ಲೇಖಕರ ಉತ್ತರ ಇಷ್ಟೇ: ಖಾತೆ ತೆರೆಯುವಾಗ ನಿಯಮಗಳಿಗೆ ಎಲ್ಲರೂ ಒಪ್ಪಿದ್ದಾರಲ್ಲ! ಟೀಕೆ ಎದ್ದ ಮೇಲೆ ಪತ್ರಿಕೆಯೇ ಸಂಪಾದಕೀಯ ಕಳವಳ ಪ್ರಕಟಿಸಬೇಕಾಯಿತು. ಒಬ್ಬ ವೈದ್ಯನಾಗಿ ನಾನು ಕೇಳುವುದು: ಆ ಏಳು ಲಕ್ಷದಲ್ಲಿ ಖಿನ್ನತೆಗೆ ಮಾತ್ರೆ ನುಂಗುತ್ತಿದ್ದವರು ಎಷ್ಟು ಮಂದಿ? ಯಾವುದೇ ಔಷಧ ಪ್ರಯೋಗದಲ್ಲಿ ಅಂಥವರನ್ನು ಮೊದಲೇ ಗುರುತಿಸಿ ಕಾಪಾಡುವುದು ಕಡ್ಡಾಯ.

ಇವು ಪ್ರಕಟವಾದವು. ಪ್ರಕಟವಾಗದವು ಪ್ರತಿದಿನ ನಡೆಯುತ್ತಿವೆ. ಒಂದೇ ಆನ್‌ಲೈನ್ ಅಂಗಡಿಯಲ್ಲಿ ನನಗೆ ಒಂದು ಬಣ್ಣದ ಬಟನ್, ನಿಮಗೆ ಇನ್ನೊಂದು. ನನಗೆ ‘ಎರಡೇ ಉಳಿದಿವೆ’ ಎಂಬ ಎಚ್ಚರಿಕೆ, ನಿಮಗೆ ಇಲ್ಲ. ಯಾರು ಹೆಚ್ಚು ಕೊಂಡರೋ ಆ ಪುಟ ಗೆದ್ದಂತೆ. ಇದಕ್ಕೆ ‘ಎ/ಬಿ ಟೆಸ್ಟ್’ ಎನ್ನುತ್ತಾರೆ.

ಹೋದ ಯುಗಾದಿಗೆ ಸ್ಯಾನ್ ಡಿಯಾಗೋದಿಂದ ಬಂದಿದ್ದ ಮಗಳ ಮುಂದೆ ಈ ವಾದ ಹೂಡಿದೆ. ಇಂಥ ಟೆಸ್ಟ್ ನಡೆಸುವುದೇ ಅವಳ ಕೆಲಸ.

“ಅಪ್ಪ, ಬಟನ್ ಬಣ್ಣಕ್ಕೆಲ್ಲ ಒಪ್ಪಿಗೆ ಕೇಳ್ತಾ ಕೂತರೆ ಅಂಗಡಿ ನಡೆಯುತ್ತಾ? ನಿಮ್ಮೂರ ಕಿರಾಣಿ ಅಂಗಡಿಯವರು ಬೆಲ್ಲದಚ್ಚು ಮುಂದಿಟ್ಟು ನೋಡ್ತಿರಲಿಲ್ವಾ?”

“ಇಡ್ತಿದ್ರು ಪುಟ್ಟಿ. ಆದರೆ ಮುಂದಿಟ್ಟದ್ದು ಊರಿಗೆಲ್ಲ ಕಾಣ್ತಿತ್ತು.”

ಅವಳು ಬಿಡಲಿಲ್ಲ. “ನೀವು ಹೌಸ್ ಸರ್ಜನ್ ಆಗಿದ್ದಾಗ ಆಪರೇಷನ್ ಫಾರಂಗೆ ಹೆಬ್ಬೆಟ್ಟು ಒತ್ತಿಸಿಕೊಳ್ತಿದ್ರಲ್ಲ, ಅದರಲ್ಲಿ ಏನಿದೆ ಅಂತ ಓದಿ ಹೇಳ್ತಿದ್ರಾ?”

ಒಬ್ಬಟ್ಟು ಗಂಟಲಲ್ಲೇ ನಿಂತಿತು. ಓದಿ ಹೇಳುತ್ತಿರಲಿಲ್ಲ. “ಎಲ್ಲಾ ನಿಮಗೇ ಬಿಟ್ಟಿದ್ದೀವಿ ಡಾಕ್ಟ್ರೇ” ಎಂದು ಅವರು ಕೈ ಚಾಚುತ್ತಿದ್ದರು, ನಾವು ಶಾಯಿ ಹಚ್ಚುತ್ತಿದ್ದೆವು. ವೈದ್ಯಕೀಯದ ಚರಿತ್ರೆಯಲ್ಲಿ ಇದಕ್ಕಿಂತ ಘೋರ ಪುಟಗಳೂ ಇವೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಸುಮಾರು 400 ಕಪ್ಪು ಜನಾಂಗದ ಗಂಡಸರಿಗೆ, ಪೆನಿಸಿಲಿನ್ ಬಂದ ಮೇಲೂ ಚಿಕಿತ್ಸೆ ಕೊಡದೆ ರೋಗದ ಗತಿಯನ್ನು ನೋಡುತ್ತಾ ಕುಳಿತರು. 1979ರ ಬೆಲ್ಮಾಂಟ್ ವರದಿ ಆ ನಾಚಿಕೆಯಿಂದ ಹುಟ್ಟಿದ್ದು. ನಾವು ವೈದ್ಯರು ಹುಟ್ಟಾ ಸಜ್ಜನರೇನಲ್ಲ, ಪೆಟ್ಟು ತಿಂದು ಕಲಿತವರು.

ಆದ್ದರಿಂದ ನನ್ನ ಆಕ್ಷೇಪ ಮಗಳ ವೃತ್ತಿಯ ಮೇಲಲ್ಲ. ನಾವು ಪಟ್ಟ ನಾಚಿಕೆಯನ್ನು ಕಂಪ್ಯೂಟರ್ ಲೋಕವೂ ಮತ್ತೆ ಮೊದಲಿನಿಂದ ಪಡಬೇಕೇ ಎಂಬುದರ ಮೇಲೆ. ಓದು ಬಾರದವರನ್ನು ನಾವು ಹೆಬ್ಬೆಟ್ಟಿನವರು ಎಂದು ಹಗುರವಾಗಿ ಕರೆಯುತ್ತಿದ್ದೆವು. ಇಂದು ಎಂಎಸ್, ಪಿಎಚ್‌ಡಿ ಮಾಡಿದವರೂ ಫೋನಿನ ಗಾಜಿನ ಮೇಲೆ ಓದದೆಯೇ ‘ಐ ಅಗ್ರೀ’ ಒತ್ತುತ್ತೇವೆ. ಶಾಯಿ ಇಲ್ಲ ಅನ್ನುವುದೊಂದೇ ವ್ಯತ್ಯಾಸ.

ಕಾನೂನು ನಿಧಾನವಾಗಿ ಎಚ್ಚೆತ್ತಿದೆ. 2020ರಲ್ಲಿ ಮತದಾರರು ಒಪ್ಪಿ, 2023ರ ಜನವರಿಯಿಂದ ಜಾರಿಯಾದ ಕ್ಯಾಲಿಫೋರ್ನಿಯಾದ ಖಾಸಗಿತನದ ಕಾನೂನಿನ ಪ್ರಕಾರ, ‘ಡಾರ್ಕ್ ಪ್ಯಾಟರ್ನ್’ ಎನ್ನುವ ಮೋಸದ ವಿನ್ಯಾಸದಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. 2023ರ ನವೆಂಬರ್‌ನಲ್ಲಿ ಭಾರತ ಸರ್ಕಾರವೂ ಸುಳ್ಳು ಅವಸರ ಹುಟ್ಟಿಸುವುದು, ಬುಟ್ಟಿಗೆ ಗೊತ್ತಿಲ್ಲದೆ ಸಾಮಾನು ಸೇರಿಸುವುದು ಸೇರಿದಂತೆ 13 ಬಗೆಯ ಮೋಸಗಳನ್ನು ಪಟ್ಟಿ ಮಾಡಿತು. ಆದರೆ ಇವು ಮೋಸದ ಬಗ್ಗೆ ಮಾತಾಡುತ್ತವೆ. ಮೋಸವಿಲ್ಲದೆಯೂ ಕೇಳದೆ ನಡೆಯುವ ಪ್ರಯೋಗ ಹಾಗೇ ಉಳಿಯುತ್ತದೆ.

ಮೊದಲೇ ಹೇಳಿದರೆ ಜನರ ನಡವಳಿಕೆ ಬದಲಾಗಿ ಪ್ರಯೋಗ ಕೆಡುತ್ತದೆ ಎಂದು ಸಂಶೋಧಕರು ಹೇಳಬಹುದು. ನಮಗೂ ಇದೇ ಕಷ್ಟವಿತ್ತು. “ನಿಮಗೆ ಔಷಧ ಸಿಗಬಹುದು, ಬರಿಯ ಸಕ್ಕರೆ ಗುಳಿಗೆಯೂ ಸಿಗಬಹುದು, ಯಾವುದೆಂದು ಈಗ ಹೇಳುವುದಿಲ್ಲ” ಎಂದು ರೋಗಿಗೇ ತಿಳಿಸಿ ದಾರಿ ಕಂಡುಕೊಂಡೆವು. ಇಂಥ ಪ್ರಯೋಗಗಳು ನಡೆಯುತ್ತವೆ ಎಂದು ಸರಳ ಮಾತಿನಲ್ಲಿ ತಿಳಿಸುವುದು, ಬೇಡವೆನ್ನಲು ಅವಕಾಶ ಕೊಡುವುದು, ಮುಗಿದ ಮೇಲೆ ಏನು ಮಾಡಿದೆವೆಂದು ಹೇಳುವುದು: ಇಷ್ಟು ಅಸಾಧ್ಯವೇನಲ್ಲ. ಬಟನ್ ಬಣ್ಣಕ್ಕೆ ಬೇಡ ಬಿಡಿ. ಮನಸ್ಥಿತಿ, ಸಾಲ, ಆರೋಗ್ಯ, ಮಕ್ಕಳನ್ನು ಮುಟ್ಟುವ ಕಡೆ ಇದು ಬೇಕೇ ಬೇಕು.

ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳು ಇದೇ ಕೆಲಸದಲ್ಲಿದ್ದಾರೆ. ಅವರು ಊಟಕ್ಕೆ ಬಂದಾಗ ಸಂಬಳ, ಬಡ್ತಿಯ ಜೊತೆಗೆ “ಅವರನ್ನ ಒಂದು ಮಾತು ಕೇಳಿದ್ರಾ?” ಎಂದೂ ವಿಚಾರಿಸಿ. ತಿರುಗೇಟು ಬಿದ್ದರೆ ನನ್ನ ಹಾಗೆ ತಪ್ಪು ಒಪ್ಪಿಕೊಳ್ಳಿ, ಪ್ರಶ್ನೆಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಬೇಡಿ. ಹೊರಡುವಾಗ ನನ್ನ ಮಗಳು “ಸೋಮವಾರ ಆಫೀಸಲ್ಲಿ ಕೇಳಿ ನೋಡ್ತೀನಿ ಅಪ್ಪ” ಎಂದಳು. ಕೇಳಿದಳೋ ಇಲ್ಲವೋ, ಮುಂದಿನ ಹಬ್ಬಕ್ಕೆ ಬಂದಾಗ ವಿಚಾರಿಸಬೇಕು.