ಮಿಸೆಸ್ ಬೆನೆಟ್ ಯಾಕೆ ಕೂಗಾಡುತ್ತಾಳೆ

ಮುಂಬಯಿಯ ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮ ಯಾವ ಸಾಹಿತ್ಯಗೋಷ್ಠಿಯಲ್ಲಿ ಜೇನ್ ಆಸ್ಟಿನ್ ಹೆಸರು ಬಂದರೂ ತೀರ್ಪು ಸಿದ್ಧವಾಗಿಯೇ ಇರುತ್ತದೆ: ನೆಪೋಲಿಯನ್ ಯುರೋಪಿಗೆ ಬೆಂಕಿಯಿಡುತ್ತಿದ್ದಾಗ ಈಕೆ ಹುಡುಗಿಯರಿಗೆ ಮದುವೆ ಮಾಡಿಸುತ್ತ ಕೂತಿದ್ದಳು. ಅದೇ ಉಸಿರಿನಲ್ಲಿ ತ್ರಿವೇಣಿಯವರಿಗೂ ಒಂದು ಪೆಟ್ಟು, ಅಡುಗೆಮನೆ ಸಾಹಿತ್ಯ ಅಂತ. ಕೇಳಿ ಕೇಳಿ ರೇಜಿಗೆ ಹತ್ತಿದೆ.

ಆಸ್ಟಿನ್‌ಳಲ್ಲಿ ಮದುವೆಗಿಂತ ಮೊದಲು ಮನೆ ಬರುತ್ತದೆ. ಅದು ಯಾರ ಹೆಸರಲ್ಲಿದೆ, ಯಜಮಾನ ಸತ್ತರೆ ಯಾರು ಬೀದಿಗೆ? ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಬೆನೆಟ್ ಕುಟುಂಬದ ಲಾಂಗ್‌ಬರ್ನ್ ಆಸ್ತಿಯ ಹುಟ್ಟುವಳಿ ವರ್ಷಕ್ಕೆ 2,000 ಪೌಂಡ್. ಯಜಮಾನ ಬೆನೆಟ್ ಕಣ್ಣು ಮುಚ್ಚಿದರೆ ಅಷ್ಟೂ ದೂರದ ಗಂಡು ವಾರಸುದಾರ ಕಾಲಿನ್ಸನದು. ಅಳಿಯಸಂತಾನದ ಮನೆಗಳಿಂದ ಬಂದು ಇಲ್ಲಿ ಹೋಟೆಲು ಹಾಕಿದವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೇ? ಕುಟುಂಬದ ಆಸ್ತಿ ತಾಯಿಯ ವಂಶದಲ್ಲೇ ಇಳಿಯುವುದನ್ನು, ಅಪ್ಪನ ಮನೆಯ ಗದ್ದೆ ಅಪ್ಪನ ಮಕ್ಕಳಿಗೆ ದಕ್ಕದಿರುವುದನ್ನು ಕಂಡವರು ನಾವು. ಆಸ್ಟಿನ್‌ಳನ್ನು ಓದಲು ಲಂಡನ್ನಿಗಿಂತ ಕುರ್ಲಾದ ಬಂಟರ ಮನೆಯೇ ಲೇಸು ಎಂದರೆ ಅತಿಯಾಗಲಾರದು.

‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯ ಎರಡನೇ ಅಧ್ಯಾಯ ನೋಡಿ. ತಂದೆಗೆ ಮಾತು ಕೊಟ್ಟ ಮಗ ಮಲತಂಗಿಯರಿಗೆ 3,000 ಪೌಂಡ್ ಕೊಡಬೇಕೆಂದುಕೊಳ್ಳುತ್ತಾನೆ. ಹೆಂಡತಿಯ ಜೊತೆ ಮಾತು ಮುಗಿಯುವಷ್ಟರಲ್ಲಿ ಅದು ಅರ್ಧವಾಗಿ, ವರ್ಷಾಶನವಾಗಿ, ಆಗಾಗ 50 ಪೌಂಡಾಗಿ, ಕೊನೆಗೆ ಮೀನು, ಬೇಟೆಯ ಹಕ್ಕಿ ಕಳಿಸುವ ಸೌಜನ್ಯಕ್ಕೆ ಇಳಿಯುತ್ತದೆ. ಇಬ್ಬರೂ ದನಿಯೇರಿಸುವುದಿಲ್ಲ, ಇಬ್ಬರಿಗೂ ತಾವು ಧರ್ಮಾತ್ಮರೆಂಬ ನಂಬಿಕೆ. ಪಾಲುಪಟ್ಟಿಯ ಇಷ್ಟು ನಿರ್ದಯ ಚಿತ್ರ ಇನ್ನೊಂದಿದ್ದರೆ ತೋರಿಸಿ. ಷಾರ್ಲೆಟ್ ಬ್ರಾಂಟೆಗೆ ಆಸ್ಟಿನ್‌ಳಲ್ಲಿ ಭಾವಾವೇಶ ಕಾಣಲಿಲ್ಲ. ಅವಳ ಜೇನ್ ಏರ್‌ಗೆ ಮಡೀರಾದ ಚಿಕ್ಕಪ್ಪ ಸತ್ತು 20,000 ಪೌಂಡ್ ಬರುತ್ತದಲ್ಲ! ಹಾಗೆ ಹಣ ಉದುರಿಸಿಕೊಳ್ಳುವ ಕಾದಂಬರಿಗಾರ್ತಿಗೆ ಆವೇಶ ಅಗ್ಗ.

ಆಸ್ಟಿನ್‌ಳಿಗೆ ಯಾವ ಚಿಕ್ಕಪ್ಪನೂ ಒದಗಲಿಲ್ಲ. 1802ರಲ್ಲಿ ಆಸ್ತಿವಂತನೊಬ್ಬನ ಮದುವೆಯ ಕೋರಿಕೆಗೆ ಸಂಜೆ ಒಪ್ಪಿ ಬೆಳಿಗ್ಗೆ ಒಲ್ಲೆನೆಂದಳು. 1805ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ, ಅಕ್ಕನ ಜೊತೆ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ. 1809ರಲ್ಲಿ ಅಣ್ಣ ಚಾಟನ್‌ನಲ್ಲಿ ಮನೆ ಕೊಟ್ಟ ಮೇಲಷ್ಟೇ ಪುಸ್ತಕಗಳು ಹೊರಬಂದವು. ‘ಪ್ರೈಡ್ ಅಂಡ್ ಪ್ರೆಜುಡಿಸ್’ ಹಕ್ಕನ್ನು 110 ಪೌಂಡಿಗೆ ಮಾರಿದಳು, ಕೇಳಿದ್ದು 150. ಈ ಲೆಕ್ಕ ಗೊತ್ತಿದ್ದವಳಾದ್ದರಿಂದಲೇ ಆಸ್ಟಿನ್, ಆ ಕಾದಂಬರಿಯ 27ರ ಷಾರ್ಲೆಟ್ ಲ್ಯೂಕಸ್ ಪೆದ್ದ ಕಾಲಿನ್ಸನನ್ನು ಕಟ್ಟಿಕೊಂಡಾಗ ಬೈಯುವ ಕೆಲಸವನ್ನು ಗೆಳತಿ ಎಲಿಜಬೆತ್ ಬೆನೆಟ್‌ಗೆ ಬಿಟ್ಟು ತಾನು ಸುಮ್ಮನಿದ್ದಳು.

ಇನ್ನು ನಮ್ಮ ನವ್ಯರು. ಚಿತ್ತಾಲರ ‘ಶಿಕಾರಿ’ (1979) ದೊಡ್ಡ ಕಾದಂಬರಿ, ತಕರಾರಿಲ್ಲ. ಆದರೆ ಕಂಪನಿಯ ಒಳಸಂಚಿಗೆ ಸಿಕ್ಕಿ ನೌಕರಿಯ ಚಿಂತೆಗೆ ಬಿದ್ದ ನಾಗಪ್ಪನ ಭಯ ಅಸ್ತಿತ್ವದ ಭಯ, ವಿಚಾರಸಂಕಿರಣಕ್ಕೆ ಯೋಗ್ಯ. ಮನೆ ಕೈತಪ್ಪಲಿರುವ, ಐದು ಹೆಣ್ಣುಮಕ್ಕಳ ತಾಯಿ ಮಿಸೆಸ್ ಬೆನೆಟ್‌ಳ ಭಯ ಮಾತ್ರ ನರಗಳ ಬೇನೆ, ಹಾಸ್ಯಪ್ರಸಂಗ. ಅವಳನ್ನು ನೋಡಿ ಆಸ್ಟಿನ್ ಕೂಡ ನಕ್ಕಳು, ನಿಜ. ನಗುತ್ತಲೇ ಆಸ್ತಿಯ ಲೆಕ್ಕವನ್ನು ಮಾತ್ರ ಚೊಕ್ಕವಾಗಿ ಕೊಟ್ಟಳು. ಗಂಡನೋ, ವ್ಯಂಗ್ಯವಾಡುತ್ತ ಗ್ರಂಥಾಲಯ ಸೇರಿ ಒಂದು ಕಾಸೂ ಕೂಡಿಡಲಿಲ್ಲ. ನಮ್ಮ ವಿಮರ್ಶಕರಿಗೆ ಅವನೆಂದರೆ ಪ್ರೀತಿ, ಜಾಣನಂತೆ! ತ್ರಿವೇಣಿಯವರ ‘ಶರಪಂಜರ’ದ ಕಾವೇರಿಗೆ ಹುಚ್ಚು ವಾಸಿಯಾಗಿ ಬಂದರೂ ಗಂಡನ ಮನೆಯಲ್ಲಿ ಜಾಗವಿಲ್ಲ. ಅದಕ್ಕೂ ಮನೋವೈಜ್ಞಾನಿಕ ಕಾದಂಬರಿಯೆಂಬ ಚೀಟಿ ಅಂಟಿಸಿ ಇವರು ಕೈತೊಳೆದುಕೊಂಡರು; ಆ ಮನೆ ಯಾರದೆಂದು ಕೇಳಲಿಲ್ಲ.