ಮೂಲ, ಟೀಕೆ ಮತ್ತು ಉಪದೇಶಕ: ಲೂಥರನ ಒಂದು ಪದವನ್ನು ಕುರಿತು

ಮಧ್ಯಕಾಲೀನ ಕನ್ನಡ ಗ್ರಂಥಗಳ ಹಸ್ತಪ್ರತಿಗಳನ್ನು ನೋಡಿದವರಿಗೆ ಪ್ರಕ್ಷೇಪವೆಂಬುದು ಹೊಸ ಸಂಗತಿಯಲ್ಲ. ಓದುಗನೊಬ್ಬ ಅಂಚಿನಲ್ಲಿ ಬರೆದಿಟ್ಟ ಅರ್ಥವು ಮುಂದಿನ ಲಿಪಿಕಾರನ ಕೈಯಲ್ಲಿ ಮೂಲದ ಸಾಲಿನೊಳಕ್ಕೆ ಸೇರಿಬಿಡುತ್ತದೆ. ಲಿಪಿಕಾರನಿಗೆ ದುರುದ್ದೇಶವಿರಬೇಕಾಗಿಲ್ಲ; ಭಕ್ತಿಯಿದ್ದರೆ ಸಾಕು. ಕ್ರೈಸ್ತ ಉಪದೇಶಕನು ತನ್ನ ಶಾಸ್ತ್ರಕ್ಕೆ ಎಷ್ಟು ನಿಷ್ಠನಾಗಿರಬೇಕೆಂಬ ಪ್ರಶ್ನೆಯನ್ನು ದೈವಶಾಸ್ತ್ರಜ್ಞರು ತಮ್ಮ ರೀತಿಯಲ್ಲಿ ಚರ್ಚಿಸಿದ್ದಾರೆ. ನಾವು ಇಲ್ಲಿ ಅದನ್ನು ಗ್ರಂಥಸಂಪಾದನೆಯ ದೃಷ್ಟಿಯಿಂದ, ಒಂದೇ ಒಂದು ಪದವನ್ನು ಹಿಡಿದು ನೋಡಬಯಸುತ್ತೇವೆ.

ಮಾರ್ಟಿನ್ ಲೂಥರನು 1512ರಲ್ಲಿ ವಿಟೆನ್‌ಬರ್ಗಿನಲ್ಲಿ ದೈವಶಾಸ್ತ್ರದ ಡಾಕ್ಟರ್ ಪದವಿಯನ್ನು ಪಡೆದನು. ಶಾಸ್ತ್ರವನ್ನು ನಿಷ್ಠೆಯಿಂದ ಬೋಧಿಸುವುದಾಗಿ ಆಗ ಮಾಡಿದ ಪ್ರತಿಜ್ಞೆಯನ್ನು ಅವನು ಬಾಳಿನುದ್ದಕ್ಕೂ ನೆನೆಯುತ್ತಿದ್ದನು. ಇದೇ ಲೂಥರನು 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದ 28ನೆಯ ವಾಕ್ಯದಲ್ಲಿ 'ಮಾತ್ರ' ಎಂಬರ್ಥದ 'ಆಲೈನ್' ಪದವನ್ನು ಸೇರಿಸಿದನು. ಮನುಷ್ಯನು ಧರ್ಮಶಾಸ್ತ್ರದ ಕರ್ಮಗಳಿಲ್ಲದೆ ನಂಬಿಕೆಯಿಂದ ನೀತಿವಂತನಾಗುತ್ತಾನೆಂಬುದು ಪೌಲನ ಮಾತಿನ ತಾತ್ಪರ್ಯ. ಅದು ನಂಬಿಕೆಯಿಂದ ಮಾತ್ರ ಎಂದಾಯಿತು. ಆ ಪದ ಗ್ರೀಕ್ ಮೂಲದಲ್ಲಿಲ್ಲ, ರೂಢಿಯ ಲ್ಯಾಟಿನ್ ಪಾಠದಲ್ಲೂ ಇಲ್ಲ.

ಆಕ್ಷೇಪಗಳಿಗೆ ಲೂಥರನು 1530ರಲ್ಲಿ ಕೋಬರ್ಗ್ ಕೋಟೆಯಿಂದ ಒಂದು ಬಹಿರಂಗ ಪತ್ರದ ಮೂಲಕ ಉತ್ತರಿಸಿದನು. ಪತ್ರದ ಮೊದಲ ಭಾಗದಲ್ಲಿ ಎದುರಾಳಿಗಳನ್ನು ಕತ್ತೆಗಳೆಂದು ಜರೆಯುವ, ತನ್ನ ಇಚ್ಛೆಯೇ ಇದಕ್ಕೆ ಕಾರಣವೆನ್ನುವ ಧಾಟಿಯ ಗರ್ವೋಕ್ತಿಗಳಿವೆ. ಲೂಥರನ ವಿರೋಧಿಗಳು ಇದನ್ನೇ ಎತ್ತಿ ಆಡುವುದುಂಟು. ಆದರೆ ಅನಂತರ ಬರುವ ವಾದ ಗಂಭೀರವಾದುದು. ಎರಡು ವಸ್ತುಗಳಲ್ಲಿ ಒಂದನ್ನು ಒಪ್ಪಿ ಇನ್ನೊಂದನ್ನು ನಿರಾಕರಿಸುವಾಗ 'ಮಾತ್ರ' ಎಂಬ ಪದ ಸೇರುವುದು ಜರ್ಮನ್ ಭಾಷೆಯ ಜಾಯಮಾನ ಎನ್ನುತ್ತಾನೆ ಲೂಥರ್. ರೈತನು ಹಣವನ್ನು ತರಲಿಲ್ಲ, ಧಾನ್ಯವನ್ನು ಮಾತ್ರ ತಂದನು ಎಂಬಂಥ ವಾಕ್ಯ ಅವನ ನಿದರ್ಶನ. ಜರ್ಮನ್ ಹೇಗಿರಬೇಕೆಂಬುದನ್ನು ಲ್ಯಾಟಿನ್ ಅಕ್ಷರಗಳನ್ನು ಕೇಳಿ ತಿಳಿಯಲಾಗದು. ಮನೆಯ ತಾಯಿಯನ್ನೂ ಬೀದಿಯ ಮಕ್ಕಳನ್ನೂ ಸಂತೆಯ ಸಾಮಾನ್ಯನನ್ನೂ ಕೇಳಬೇಕೆಂಬುದು ಅವನ ನಿಲುವು.

ಈ ವಾದವನ್ನು ನಾವು ಒಪ್ಪುತ್ತೇವೆ. ತೊಡಕು ಅದರ ಮುಂದಿನ ಹೆಜ್ಜೆಯಲ್ಲಿದೆ. ಭಾಷೆ ಮಾತ್ರವಲ್ಲ, ಪೌಲನ ಆಶಯವೂ ಈ ಪದವನ್ನು ಬೇಡುತ್ತದೆ. ಆಂಬ್ರೋಸ್, ಆಗಸ್ಟೀನರು ಹಿಂದೆಯೇ ಹೀಗೆ ಹೇಳಿದ್ದಾರೆ ಎಂದು ಅವನು ಸೇರಿಸುತ್ತಾನೆ. ಭಾಷೆಯ ಜಾಯಮಾನವೇ ಕಾರಣವಾಗಿದ್ದರೆ ಪೂರ್ವಾಚಾರ್ಯರ ಸಾಕ್ಷ್ಯ ಅನಗತ್ಯ. ಸಿದ್ಧಾಂತವೇ ಕಾರಣವಾಗಿದ್ದರೆ ಪದದ ಸ್ಥಾನ ಮೂಲದಲ್ಲಲ್ಲ, ಅಂಚಿನಲ್ಲಿ. ಅಂಚು ಅವನಿಗೆ ಇಲ್ಲದಿರಲಿಲ್ಲ. 1522ರ ಮುದ್ರಣದಲ್ಲಿ ಪುಟದಂಚಿನ ಟಿಪ್ಪಣಿಗಳಿವೆ, ಮುನ್ನುಡಿಗಳಿವೆ. ಅಲ್ಲಿ ಹೇಳಬಹುದಾಗಿದ್ದುದನ್ನು ಅವನು ಅಪೊಸ್ತಲನ ಬಾಯಿಂದ ಹೇಳಿಸಿದನು. ಗ್ರೀಕ್ ಬಾರದ ಶ್ರೋತೃವಿಗೆ ಯಾವುದು ಪೌಲನದು, ಯಾವುದು ಲೂಥರನದು ಎಂದು ತಿಳಿಯುವ ದಾರಿ ಪುಟದ ಮೇಲೆ ಉಳಿಯಲಿಲ್ಲ.

ಆದರೂ ಇದರಿಂದ ಅವನನ್ನು ಅಪ್ರಾಮಾಣಿಕನೆಂದು ತೀರ್ಮಾನಿಸುವವರು ಇನ್ನೆರಡು ಸ್ಥಳಗಳನ್ನು ನೋಡಬೇಕು. ನಂಬಿಕೆಯಿಂದ ಮಾತ್ರವೇ ಅಲ್ಲ ಎಂದು ಸ್ಪಷ್ಟವಾಗಿ ನಿರಾಕರಿಸುವ ವಾಕ್ಯ ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿದೆ. ಲೂಥರನಿಗೆ ಆ ಪತ್ರಿಕೆ ಹಿಡಿಸದು. 1522ರ ಮುನ್ನುಡಿಯಲ್ಲಿ ಅದನ್ನು ಹುಲ್ಲಿನ ಪತ್ರಿಕೆಯೆಂದು ಕರೆದನು (ಈ ಮಾತನ್ನು ಮುಂದೆ ಕೈಬಿಡಲಾಯಿತು). ಅದನ್ನು ಹೊಸ ಒಡಂಬಡಿಕೆಯ ಕೊನೆಗೆ ಸರಿಸಿ, ವಿಷಯಸೂಚಿಯಲ್ಲಿ ಸಂಖ್ಯೆಯನ್ನೂ ಕೊಡಲಿಲ್ಲ. ಆದರೆ ವಾಕ್ಯವನ್ನು ಅಳಿಸಲಿಲ್ಲ, ತಿದ್ದಲಿಲ್ಲ. ಎರಡನೆಯದು ಯೋಹಾನನ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ, ಪರಲೋಕದ ಮೂವರು ಸಾಕ್ಷಿಗಳನ್ನು ಹೇಳುವ, ತ್ರಿತ್ವಕ್ಕೆ ಆಧಾರವೆನಿಸಿದ್ದ ವಾಕ್ಯ. ಇದು ಲ್ಯಾಟಿನ್ ಪರಂಪರೆಯಲ್ಲಿ ಟಿಪ್ಪಣಿಯಾಗಿ ಹುಟ್ಟಿ ಮೂಲಕ್ಕೆ ಸೇರಿದುದೆಂಬುದು ಇಂದಿನ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಎರಾಸ್ಮಸನು 1516 ಮತ್ತು 1519ರ ಗ್ರೀಕ್ ಮುದ್ರಣಗಳಲ್ಲಿ ಅದನ್ನು ಬಿಟ್ಟಿದ್ದನು. ತ್ರಿತ್ವವನ್ನು ದೃಢವಾಗಿ ನಂಬಿದ್ದ ಲೂಥರನೂ ತನ್ನ ಜೀವಿತಕಾಲದಲ್ಲಿ ಅದನ್ನು ಸೇರಿಸಲಿಲ್ಲ. ಒಂದು ಪ್ರಕ್ಷೇಪವನ್ನು ಹೊರಗಿಟ್ಟವನೇ ಇನ್ನೊಂದನ್ನು ಒಳಗೆ ತಂದನೆಂಬುದು ವಿಚಾರಾರ್ಹ.

ನಮ್ಮ ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳನ್ನು ಇಲ್ಲಿ ನೆನೆಯಬಹುದು. ವಚನಗಳನ್ನು ಸಂವಾದವಾಗಿ ಜೋಡಿಸುವುದೇ ಒಂದು ವ್ಯಾಖ್ಯಾನ, ನಿಜ. ಆದರೆ ಅಂಕಿತವುಳ್ಳ ವಚನ ವಚನಕಾರನದು, ನಡುವಣ ಗದ್ಯ ಸಂಕಲನಕಾರನದು ಎಂಬ ಗೆರೆ ಓದುಗನಿಗೆ ಬಹುಮಟ್ಟಿಗೆ ಕಾಣುತ್ತದೆ. ಬಾಸೆಲ್ ಮಿಷನ್ನಿನ ಕಿಟ್ಟೆಲ್ ಅವರೂ 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಪದ್ಯದಲ್ಲಿ ಹೇಳಿದಾಗ ಕೃತಿಗೆ 'ಕಥಾಮಾಲೆ' ಎಂದು ಹೆಸರಿಟ್ಟರು. ಮಾಲೆ ಕಟ್ಟಿದವರು ಯಾರೆಂಬುದು ಅಲ್ಲಿ ಮುಚ್ಚುಮರೆಯಲ್ಲ.

ಕನ್ನಡದ ಉಪದೇಶಕನಿಗಾದರೋ ಲೂಥರನ ಇಕ್ಕಟ್ಟು ಇನ್ನೂ ಸೂಕ್ಷ್ಮವಾಗಿದೆ. ನಮ್ಮ ವ್ಯಾಕರಣವು ಅವಧಾರಣೆಯೆಂದು ಕರೆಯುವ ಏಕಾರವೊಂದು ಸಾಕು, ಬೇರೆ ಪದವೇ ಬೇಡ. 'ನಂಬಿಕೆಯಿಂದ' ಎನ್ನುವುದಕ್ಕೂ 'ನಂಬಿಕೆಯಿಂದಲೇ' ಎನ್ನುವುದಕ್ಕೂ ನಡುವೆ ಹದಿನಾರನೆಯ ಶತಮಾನದ ಇಡೀ ಕಲಹವಿದೆ. ಆದರೆ ಕಿವಿಗೆ ಅದು ಮಾತಿನ ಸಹಜ ಒತ್ತಾಗಿ ಮಾತ್ರ ಕೇಳಿಸುತ್ತದೆ. ನಿರಾಕರಣೆಯ ಎದುರಿಗೆ ಏಕಾರವನ್ನು ಹಚ್ಚುವುದು ಕನ್ನಡದ ಜಾಯಮಾನವೂ ಹೌದು. ಅದನ್ನು ಬಿಟ್ಟರೆ ವಾಕ್ಯ ಸಪ್ಪೆಯಾಗುತ್ತದೆ, ಹಚ್ಚಿದರೆ ಒಂದು ಪಕ್ಷವಾಗುತ್ತದೆ. ಹಚ್ಚಿ ಓದಿದ ಉಪದೇಶಕನು ಆ ಒತ್ತು ಪೌಲನ ಅಕ್ಷರದಲ್ಲಿಲ್ಲ, ವಾಕ್ಯದ ವಿನ್ಯಾಸದಿಂದ ತಾನು ಗ್ರಹಿಸಿದ್ದು ಎಂದು ಸಭೆಗೆ ಹೇಳಿದರೆ ಅವನ ಉಪದೇಶಕ್ಕೆ ನಷ್ಟವಿಲ್ಲ. ಹೇಳದೆ, ಅದೇ ಏಕಾರದ ಮೇಲೆ ಅರ್ಧ ಗಂಟೆಯ ಪ್ರಸಂಗವನ್ನು ನಿಲ್ಲಿಸಿದರೆ, ಕೇಳುವವರು ದೇವರ ವಾಕ್ಯವೆಂದು ಮನೆಗೆ ಒಯ್ಯುವುದು ಒಂದು ಪ್ರತ್ಯಯವನ್ನು.

ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಆರಂಭಿಸಿದ ಭಾಷಾಂತರದಿಂದ ಹಿಡಿದು ಇಂದಿನ ಪರಿಷ್ಕರಣಗಳವರೆಗೆ ಈ ಒಂದು ವಾಕ್ಯದ ಕನ್ನಡ ಪಾಠಗಳನ್ನೆಲ್ಲ ಅಕ್ಕಪಕ್ಕದಲ್ಲಿಟ್ಟು, ಏಕಾರ ಎಲ್ಲಿ ಬಂದಿತು, ಎಲ್ಲಿ ಹೋಯಿತು ಎಂಬುದನ್ನು ಗುರುತಿಸುವ ಕೆಲಸಕ್ಕೆ ಹೊರನಾಡಿನ ನಮ್ಮ ಸಂಶೋಧಕರು ಕೈಹಾಕಬಹುದು.